ಕಪಾಟಿನ್ಯಾಗಿನ ಚಾವಿ, ಅಂಗಳದಾಗಿನ ಗಾಡಿ

ಹೊಸಾ ಗಾಡಿ ಬ್ಯಾಟರಿ ವರ್ಷ ತುಂಬೂದ್ರೊಳಗ ಕುಂತ್ರ ಮಂದಿ ಮೊದಲು ಬೈಯೂದು ಕಂಪನಿಗೆ, ಆಮ್ಯಾಲ ಬ್ಯಾಟರಿಗೆ. ನನ್ನ ಅಭಿಪ್ರಾಯ ಬ್ಯಾರೆ ಅದ. ನಮ್ಮ ಓಣ್ಯಾಗ ನಾ ಕಂಡ ಮಟ್ಟಿಗೆ ಬ್ಯಾಟರಿ ಕೆಟ್ಟು ಗಾಡಿ ನಿಂತದ್ದು ಕಡಿಮಿ, ಗಾಡಿ ನಿಂತು ನಿಂತು ಬ್ಯಾಟರಿ ಕುಂತದ್ದು ಹೆಚ್ಚು. ಗಾಡಿ ಯಾಕ ನಿಂತಿತು ಅಂತ ಹುಡುಕ್ಕೋತ ಹೋದ್ರ ಕಾರಣ ಬಾನೆಟ್ಟಿನ ಒಳಗ ಸಿಗೂದಿಲ್ಲ, ಮಲಗೂ ಖೋಲಿ ಕಪಾಟಿನ್ಯಾಗ ಸಿಗ್ತದ. ಗಾಡಿ ಚಾವಿ ಇಟ್ಟಿರೂದು ಅಲ್ಲೆ.

ಇಡೀ ದಿನ ಮನ್ಯಾಗ ಇರೋರ ಕೈಯಾಗ ಗಾಡಿ ಚಾವಿ ಇರಬೇಕು. ಇವತ್ತು ನಾ ಹೇಳೂದು ಇಷ್ಟ. ಉಳಿದದ್ದೆಲ್ಲಾ ಯಾಕ ಹಂಗ ಅಂತೀನಿ ಅನ್ನೂದರ ವಿವರಣೆ.

ಅಕ್ಕಾರ, ವೈನ್ಯಾರ, "ಇದು ಗಂಡಸರ ವಿಷಯ" ಅಂತ ಇಲ್ಲೇ ಓದೂದು ಬಿಡಬ್ಯಾಡ್ರಿ. ಮಿಕ್ಸರ್ ಸುಟ್ಟ ವಾಸನಿ ಬಂದ್ರ ಮೊದಲು ಗೊತ್ತಾಗೂದು ನಮಗ. ಗ್ಯಾಸ್ ಸಿಲಿಂಡರ್ ತೂಗಿ ನೋಡಿ ಇನ್ನೂ ಎಂಟು ದಿನ ಬರ್ತದ ಅಂತ ಹೇಳೋರು ನಾವು. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತಂದು, ತೇಲೂ ಗುಂಡಿ ನೋಡಿ, ಚೆಲ್ಲಧಂಗ ಹಾಕೋರೂ ಭಾಳ ಮನ್ಯಾಗ ನಾವೇ. ಅಂದ್ರ ಬ್ಯಾಟರಿ ನಮಗ ಹೊಸಾದಲ್ಲ. ಕಾರಿನ ಬ್ಯಾಟರಿ ಅದರ ತಂಗಿ, ಗುಣ ಅಷ್ಟ ಸ್ವಲ್ಪ ಬ್ಯಾರೆ.

ಆ ಗುಣ ಏನಂತ ಹೇಳ್ತೀನಿ. ಸೀಸದ ತಗಡು, ಗಂಧಕಾಮ್ಲ, ಇವೆರಡರ ನಡುವಿನ ಕೊಡು-ತಗೋಳೂದರಿಂದ ಕರೆಂಟ್ ಹುಟ್ಟತದ. ಇದನ್ನ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಅನ್ನಾವ 1859ರಾಗ ಮಾಡಿ ತೋರಿಸಿದ. ಇವತ್ತಿಗೂ ನಮ್ಮ ಗಾಡ್ಯಾಗ ಇರೂದು ಹೆಚ್ಚೂ ಕಡಿಮಿ ಅದೇ. ಡಬ್ಬಿ ಒಳಗ ಆರು ಮನಿ ಇರ್ತಾವ, ಒಂದೊಂದ್ರಾಗ ಎರಡು ವೋಲ್ಟಿನ ಮ್ಯಾಲ ಸ್ವಲ್ಪ. ಎಲ್ಲಾ ಕೂಡಿ ಪೂರ್ತಿ ತುಂಬಿದಾಗ 12.6 ವೋಲ್ಟ್ ತೋರಿಸ್ತದ. 12.2ಕ್ಕ ಇಳಿದ್ರ ಅರ್ಧ ಖಾಲಿ ಅಂತ ತಿಳೀರಿ. 12ರ ಕೆಳಗ ಹೋತಂದ್ರ ತಳಾ ಹತ್ತೇದ.

ಇನ್ವರ್ಟರಿನ ಬ್ಯಾಟರಿ ನಿಧಾನಕ್ಕ ತಾಸುಗಟ್ಟಲೆ ಕೊಡೂವಂಥಾದ್ದು. ಕಾರಿನದು ಹಂಗಲ್ಲ. ಚಾವಿ ತಿರುವಿದ ಕೂಡಲೇ ಒಂದೆರಡು ಸೆಕೆಂಡಿನ್ಯಾಗ ನೂರು ಆಂಪಿಯರಿಗಿಂತ ಹೆಚ್ಚು ಒಮ್ಮೆಲೇ ಕೊಟ್ಟು ಇಂಜಿನ್ ತಿರುವಬೇಕು. ಇಂಜಿನ್ ಚಾಲೂ ಆದ ಮ್ಯಾಲ ಆಲ್ಟರ್ನೇಟರ್ ಅನ್ನೂದು ಅದಕ್ಕ ತಿರುಗಿ ತುಂಬಿಕೊಡ್ತದ. ಕೊಡೂದು, ತುಂಬಿಸಿಕೊಳ್ಳೂದು ನಡದಿರೂ ತನಕಾ ಅದರ ಆಯುಷ್ಯ ಛೊಲೊ. ಸೇದೋ ಬಾವಿ ನೀರು ಸಿಹಿ ಇರ್ತದ ಅಂತೀವಲ್ಲ, ಹಂಗ.

ಈಗ ಮುಖ್ಯ ಮಾತಿಗೆ ಬರ್ತೀನಿ. ನಿಲ್ಲಿಸಿದ ಗಾಡಿ ಸುಮ್ಮನ ನಿಂತಿರೂದಿಲ್ಲ. ರಿಮೋಟ್ ಒತ್ತಿದ್ರ ಬಾಗಲಾ ತೆಗಿಬೇಕಲ್ಲ, ಅದಕ್ಕ ಒಂದು ಕಿವಿ ಸದಾ ತೆರೆದಿರ್ತದ. ಗಡಿಯಾರ ನಡೀತಿರ್ತದ. ಕಳ್ಳರ ಅಲಾರಂ ಎಚ್ಚರ ಇರ್ತದ. ಗಾಡಿ ಒಳಗಿನ ಕಂಪ್ಯೂಟರ್ ಅರ್ಧ ನಿದ್ದ್ಯಾಗ ಇರ್ತದ. ಇವೆಲ್ಲಾ ಕೂಡಿ 30 ಮಿಲಿ ಆಂಪಿಯರ್ ಎಳೀತಾವ ಅಂತ ಹಿಡೀರಿ, ಇಷ್ಟು ಎಳೆಯೂದು ದೋಷ ಅಲ್ಲ. ದಿನದ 24 ತಾಸಿಗೆ ಲೆಕ್ಕಾ ಹಾಕಿದ್ರ 0.72 ಆಂಪಿಯರ್-ಅವರ್ ಆಗ್ತದ. ಸಣ್ಣ ಗಾಡಿ ಬ್ಯಾಟರಿ 35 ಆಂಪಿಯರ್-ಅವರಿನದು ಇರ್ತದ. ಅಡಗಿ ಮನಿ ಭಾಷಾದಾಗ ಹೇಳ್ತೀನಿ: 35 ತಂಬಿಗಿ ಹಿಡಿಯೋ ಹಂಡೆ, ದಿನಾ ಮುಕ್ಕಾಲು ತಂಬಿಗಿಯಷ್ಟು ಸೋರತದ. ತಿಂಗಳಿಗೆ 22 ತಂಬಿಗಿ ಹೋತು. ಉಳಿದ 13ರಾಗ ಸೆಲ್ಫ್ ಹೊಡ್ಯಾಕ ಬೇಕಾದ ದಮ್ಮು ಇರೂದಿಲ್ಲ. ಇದರ ಜೋಡಿ ಬ್ಯಾಟರಿ ತನ್ನಷ್ಟಕ್ಕ ತಾನು ಸ್ವಲ್ಪ ಸ್ವಲ್ಪ ಇಳೀತದ. ಬಿಸಲು ಹೆಚ್ಚಿದ್ದಲ್ಲೆ ಅದೂ ಜೋರು. ರಾಯಚೂರು, ಕಲಬುರ್ಗಿ ಕಡೆ ಇರೋ ನಮ್ಮ ಮಂದಿ ಇದನ್ನ ಲಕ್ಷ್ಯದಾಗ ಇಡ್ರಿ.

ಇದರಾಗ ಇನ್ನೊಂದು ಕೆಡಕು ಅದ. ಇಳಿದ ಬ್ಯಾಟರಿ ಹಂಗ ವಾರಗಟ್ಟಲೆ ಬಿದ್ದಿತ್ತಂದ್ರ ತಗಡಿನ ಮ್ಯಾಲ ಕೂಡೂ ಬಿಳಿ ಹರಳು ಗಟ್ಟಿ ಆಗ್ತಾವ. ಆಮ್ಯಾಲ ಚಾರ್ಜಿಗೆ ಹಾಕಿದ್ರೂ ಮೊದಲಿನಷ್ಟು ಹಿಡಿಯೂದಿಲ್ಲ. ರೇಷ್ಮಿ ಸೀರಿ ಮಡಿಕಿ ಬದಲಿ ಮಾಡಲಾರದ ಟ್ರಂಕಿನ್ಯಾಗ ಇಟ್ರ ಮಡಿಕಿ ಗುಂಟ ಸೀಳತದ. ಉಟ್ಟ ಸೀರಿಗಿಂತ ಇಟ್ಟ ಸೀರಿ ಲಗೂ ಹರೀತದ ಅಂತ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಡಿದೂ ಹಂಗ ಅದ.

ಇನ್ನ ನಮ್ಮ ಮನಿ ಮಾತು. ಗಾಡಿ ಬಂದದ್ದು ದೀಪಾವಳಿ ಪಾಡ್ಯಾದ ದಿನ. ಮಗ ಪುಣೆದಾಗ ನೌಕರಿ ಮಾಡ್ತಾನ, ಅಜ್ಜಿಗೆ ದವಾಖಾನಿಗೆ ಹೋಗಿ ಬರಾಕ ಅನುಕೂಲ ಆಗ್ಲಿ ಅಂತ ಅರ್ಧ ರೊಕ್ಕಾ ಅವನೇ ಹಾಕಿದ. ನಮ್ಮ ಮನಿಯವರು ದಿನಾ ಹುಬ್ಬಳ್ಳಿಗೆ ರೈಲಿನ್ಯಾಗ ಹೋಗಿ ಬರ್ತಾರ. ಗಾಡಿ ಅಂಗಳದಾಗ, ಮ್ಯಾಲ ಬೆಳ್ಳಿ ಬಣ್ಣದ ಹೊದಿಕಿ, ಚಾವಿ ಕಪಾಟಿನ್ಯಾಗ ಅವರ ಬ್ಯಾಂಕ್ ಪಾಸ್‌ಬುಕ್ಕಿನ ಕೆಳಗ. ನನ್ನ ಕಡೆ ಲೈಸೆನ್ಸ್ ಇರೂದು 1999ರಿಂದ. ಲಗ್ನಾದ ಮೊದಲು ನಮ್ಮ ಅಪ್ಪಾರ ಗಾಡಿ ನಾನೇ ಹೊಡೀತಿದ್ದೆ. "ಪ್ಯಾಟಿಗೆ ನಾ ತಗೊಂಡು ಹೋಗ್ತೀನ್ರಿ" ಅಂತ ಒಂದಲ್ಲ ಮೂರು ಸಲಾ ಕೇಳೀನಿ. "ಹೊಸಾ ಗಾಡಿ ಅದ, ಗೆರಿ ಬಿದ್ದೀತು. ಆಟೋಕ್ಕ ಹೋಗಿ ಬಾ" ಅಂದ್ರು. ಮೂರೂ ಸಲಾ ಅದೇ ಉತ್ತರ.

ಆಷಾಢದಾಗ ಅವರ ಆಫೀಸಿನ್ಯಾಗ ಕೆಲಸ ಹೆಚ್ಚಾತು, ರವಿವಾರನೂ ರಜಾ ಇಲ್ಲ. ಗಾಡಿ ಹೊದಿಕಿ ಒಳಗ 40 ದಿನ ಅಲುಗಾಡಲಿಲ್ಲ. ನಲವತ್ತೊಂದನೇ ರಾತ್ರಿ ಎರಡೂವರೆಗೆ ನಮ್ಮ ಅತ್ತಿಯವರಿಗೆ ಉಬ್ಬಸ ಎದ್ದಿತು. ಮಾತಾಡ್ಲಿಕ್ಕೆ ಆಗವಲ್ತು, ತುಟಿ ನೀಲಿ ಆಗ್ಲಿಕ್ಹತ್ತಿತು. ಹೊರಗ ಮಳಿ. ಇವರು ಚಾವಿ ತಗೊಂಡು ಓಡಿದ್ರು. ರಿಮೋಟ್ ಒತ್ತಿದ್ರ ಬಾಗಲಾ ತೆರೀಲಿಲ್ಲ. ಚಾವಿ ಹೊಟ್ಟ್ಯಾಗಿನ ಕಬ್ಬಿಣದ ಚಾವಿ ತಗದು ಬಾಗಲಾ ತೆರೆದ್ರು. ಸೆಲ್ಫ್ ಹೊಡೆದ್ರ ಟಿಕ್ ಟಿಕ್ ಟಿಕ್ ಅಂತು, ಮೀಟರಿನ ದೀಪಾ ಮಿಣಮಿಣ ಅಂದು ಆರಿದವು. ಅಷ್ಟರಾಗ ನಾ 108ಕ್ಕ ಫೋನ್ ಮಾಡಿದ್ದೆ. ಆಂಬ್ಯುಲೆನ್ಸ್ ಬರೂ ತನಕಾ ಅತ್ತಿಯವರನ್ನ ಮುಂದಕ್ಕ ಬಗ್ಗಿಸಿ ಕೂಡಿಸಿ, ಅವರ ಇನ್ಹೇಲರ್ ಕೊಟ್ಟು, ಬೆನ್ನ ಮ್ಯಾಲ ಕೈ ಇಟ್ಟು ಕೂತೆ. ಆ ಹೊತ್ತಿನ್ಯಾಗ ಅಂಗಳದಾಗಿನ ಹೊಸಾ ಗಾಡಿ ನೋಡಿದ್ರ ಹೊಟ್ಯಾಗ ಬೆಂಕಿ ಬಿದ್ದಂಗ ಆಗ್ತಿತ್ತು. ನಾಕು ದಿನ ದವಾಖಾನ್ಯಾಗಿದ್ದು ಅತ್ತಿಯವರು ಮನಿಗೆ ಬಂದ್ರು, ಈಗ ಅರಾಮ ಅದಾರ. ದೇವರ ದಯಾ.

ಇಲ್ಲೆ ಒಂದು ಮಾತು ಸ್ಪಷ್ಟ ಇರ್ಲಿ. ಗಾಡಿ ಛೊಲೊ ಇದ್ರೂ, ಉಸಿರಿಗೆ, ಎದಿನೋವಿಗೆ 108ಕ್ಕ ಮೊದಲು ಫೋನ್ ಮಾಡ್ರಿ. ಅದರಾಗ ಆಕ್ಸಿಜನ್ ಇರ್ತದ, ಗಾಡ್ಯಾಗ ಇರೂದಿಲ್ಲ. ಆದ್ರ ಮನ್ಯಾಗ ಎರಡನೇ ದಾರಿ ಅಂತ ಗಾಡಿ ಇಟ್ಟ ಮ್ಯಾಲ ಆ ದಾರಿ ತೆರೆದಿರಬೇಕು.

ಮರುದಿನ ಏನಾತಂದ್ರ, ಗಾಡಿ ಕೊಟ್ಟ ಶೋರೂಮಿಗೆ ಇವರು ಫೋನ್ ಮಾಡಿದ್ರು. "ಬ್ಯಾಟರಿ ಹೋಗೇದ್ರಿ, ಹೊಸಾದು ಹಾಕಬೇಕು, ಐದು ಸಾವಿರದ ಮ್ಯಾಲ ಆಗ್ತದ, ನೀವು ಓಡಿಸಿಲ್ಲ ಅದಕ್ಕ ವಾರಂಟಿ ಬರೂದಿಲ್ಲ" ಅಂತ ಗಾಡಿ ನೋಡಲಾರದ ಹೇಳಿಬಿಟ್ರು. ಇವರು ರೊಕ್ಕಾ ಕಟ್ಟಾಕ ತಯಾರು ಆಗಿದ್ರು. ನಾ ಫೋನ್ ಇಸ್ಕೊಂಡು ಕೇಳಿದೆ: "ಪೂರ್ತಿ ಚಾರ್ಜ್ ಮಾಡಿ ಲೋಡ್ ಟೆಸ್ಟ್ ಮಾಡ್ರಿ. ಪಾಸೋ ಫೇಲೋ ಬರೆದುಕೊಡ್ರಿ. ಆಮ್ಯಾಲ ರೊಕ್ಕದ ಮಾತು." ಸ್ವಲ್ಪ ಹೊತ್ತು ಆ ಕಡೆ ಸುದ್ದೀನ ಇಲ್ಲ. ಕಡೀಕೆ ಬಂದು ಬ್ಯಾಟರಿ ಒಯ್ದು, ಒಂದು ರಾತ್ರಿ ಚಾರ್ಜಿಗೆ ಇಟ್ಟು, ಟೆಸ್ಟ್ ಮಾಡಿದ್ರ ಪಾಸ್ ಆತು. ಬ್ಯಾಟರಿ ಸತ್ತಿರಲಿಲ್ಲ, ಹಸಿದಿತ್ತು. ಅದೇ ಬ್ಯಾಟರಿ ಇವತ್ತಿಗೂ ನಡದದ.

ಅದಕ್ಕ ಹೇಳ್ತೀನಿ, ಡೌನ್ ಆದ ಬ್ಯಾಟರಿ ಬ್ಯಾರೆ, ಕೆಟ್ಟ ಬ್ಯಾಟರಿ ಬ್ಯಾರೆ. ಡೌನ್ ಆದದ್ದನ್ನ ತುಂಬಿಸಿದ್ರ ಏಳ್ತದ. ಕೆಟ್ಟದ್ದು ತುಂಬಿಸಿದ್ರೂ ಎರಡು ದಿನಕ್ಕ ಮತ್ತ ಕೂಡ್ತದ. ಟೆಸ್ಟ್ ಮಾಡಲಾರದ ಇವೆರಡನ್ನ ಯಾರೂ ಬರೇ ಕಣ್ಣಿಲೆ ಹೇಳಾಕ ಬರೂದಿಲ್ಲ. ವಾರಂಟಿ ಚೀಟ್ಯಾಗ ಸಾಮಾನ್ಯವಾಗಿ ತಯಾರಿಕಿ ದೋಷಕ್ಕ ಬದಲಿ ಕೊಡ್ತೀವಿ, ಬರೇ ಚಾರ್ಜ್ ಇಳಿದದ್ದಕ್ಕ ಕೊಡೂದಿಲ್ಲ ಅಂತ ಬರದಿರ್ತದ. ಭಾಳ ಸಲಾ ಬ್ಯಾಟರಿ ವಾರಂಟಿ ಗಾಡಿ ವಾರಂಟಿಗಿಂತ ಬ್ಯಾರೆನೇ ಇರ್ತದ, ಕೊಡೂದು ಬ್ಯಾಟರಿ ಕಂಪನಿ. ಮೊದಲ ಕೆಲವು ತಿಂಗಳು ಪುಕ್ಕಟೆ ಬದಲಿ, ಆಮ್ಯಾಲ ಬಳಸಿದ ತಿಂಗಳ ಲೆಕ್ಕಾ ಹಿಡಿದು ಬೆಲ್ಯಾಗ ಸೋಡಿ, ಹಿಂಗ ಎರಡು ಭಾಗ ಇರೂದು ರೂಢಿ. ಆ ಚೀಟಿ ಎಲ್ಲೆದ ಅಂತ ಇವತ್ತ ಹುಡುಕಿ ಇಡ್ರಿ. ಟೆಸ್ಟಿನ್ಯಾಗ ಫೇಲ್ ಆದ್ರೂ ಬದಲಿ ಕೊಡಲಿಲ್ಲಂದ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಅದ. ಹೇಳಿಕೊಳ್ಳಾಕ ಸಂಕೋಚ ಬ್ಯಾಡ.

ಈಗ ಗಾಡಿ ಚಾಲೂ ಆಗವಲ್ದಾದ್ರ ಏನು ಮಾಡಬೇಕು? ಗಾಬರಿ ಆಗಬ್ಯಾಡ್ರಿ, ಒಂದೊಂದೇ ನೋಡ್ಕೋತ ಹೋಗ್ರಿ.

ಮೊದಲು, ರಿಮೋಟ್ ಕೆಲಸ ಮಾಡವಲ್ದಂದ ಕೂಡಲೇ ಗಾಡಿ ಬ್ಯಾಟರಿ ಹೋತು ಅನಬ್ಯಾಡ್ರಿ. ರಿಮೋಟಿನ ಒಳಗೂ ರೂಪಾಯಿ ನಾಣ್ಯದಂಥಾ ಒಂದು ಸಣ್ಣ ಸೆಲ್ ಇರ್ತದ, ಅದು ಮುಗಿದಿರಬಹುದು. ಕಬ್ಬಿಣದ ಚಾವಿಲೆ ಬಾಗಲಾ ತೆರೆದು ಒಳಗಿನ ದೀಪಾ ನೋಡ್ರಿ. ದೀಪಾ ಝಗ್ ಅಂತ ಹತ್ತಿದ್ರ ತಪ್ಪು ರಿಮೋಟಿಂದ ಇರಬಹುದು. ದೀಪಾ ಮಿಣಮಿಣ ಅಂದು, ಸೆಲ್ಫ್ ಹೊಡದಾಗ ಟಿಕ್ ಟಿಕ್ ಅಂದ್ರ ಬ್ಯಾಟರಿ ಡೌನ್. ಸೆಲ್ಫ್ ಜೋರ್ ತಿರುಗಿದ್ರೂ ಇಂಜಿನ್ ಹಿಡಿಯವಲ್ದಂದ್ರ ದೋಷ ಬ್ಯಾರೆ ಕಡೆ ಅದ, ಮೆಕ್ಯಾನಿಕ್ಕಿಗೆ ಕರೀರಿ.

ಬ್ಯಾಟರಿ ಡೌನ್ ಅಂತ ಖಾತ್ರಿ ಆದ್ರ ಜಂಪರ್ ಕೇಬಲ್ ಅನ್ನೂ ಎರಡು ದಪ್ಪ ವಾಯರ್ ಬೇಕು, ಒಂದು ಕೆಂಪು, ಒಂದು ಕರಿ. ಬಾಜೂ ಮನಿ ಗಾಡಿ ಹತ್ರ ತಂದು ನಿಲ್ಲಿಸ್ರಿ, ಒಂದಕ್ಕೊಂದು ಮುಟ್ಟಬಾರದು. ಟ್ರಕ್ಕು, ಬಸ್ಸು ಬ್ಯಾಡ, ಅವು ಸಾಮಾನ್ಯವಾಗಿ 24 ವೋಲ್ಟಿನವು. ಎರಡೂ ಗಾಡಿ ಬಂದ್ ಇರಬೇಕು. ಕೆಂಪು ವಾಯರಿನ ಒಂದು ತುದಿ ಡೌನ್ ಆದ ಬ್ಯಾಟರಿ ಕೂಡಿಸೂ ಗುರುತಿನ ಬುಡಕ್ಕ, ಇನ್ನೊಂದು ತುದಿ ಛೊಲೊ ಬ್ಯಾಟರಿ ಕೂಡಿಸೂ ಗುರುತಿಗೆ. ಕರಿ ವಾಯರಿನ ಒಂದು ತುದಿ ಛೊಲೊ ಬ್ಯಾಟರಿ ಕಳೆಯೂ ಗುರುತಿಗೆ. ಕಡೀ ತುದಿ ಡೌನ್ ಆದ ಬ್ಯಾಟರಿಗೆ ಹಚ್ಚಬಾರದು, ಆ ಗಾಡಿ ಇಂಜಿನ್ನಿನ ಬಣ್ಣ ಇಲ್ಲದ ಬರೇ ಕಬ್ಬಿಣಕ್ಕ, ಬ್ಯಾಟರಿಯಿಂದ ದೂರ ಹಚ್ಚಬೇಕು. ಯಾಕಂದ್ರ ಕಡೀ ತುದಿ ಹಚ್ಚೂ ಮುಂದ ಕಿಡಿ ಹಾರ್ತದ, ಬ್ಯಾಟರಿಯಿಂದ ಹೈಡ್ರೋಜನ್ ಗಾಳಿ ಬರ್ತಿರ್ತದ, ಅದು ಹತ್ತಿಕೊಳ್ಳೂವಂಥಾದ್ದು. ಹತ್ರ ಬೀಡಿ, ಕಡ್ಡಿಪೆಟ್ಟಿಗಿ, ಊದಿನಕಡ್ಡಿ ಯಾವುದೂ ಬ್ಯಾಡ. ಕೈಯಾಗಿನ ಬಂಗಾರದ ಬಳಿ, ಕೊಳ್ಳಾಗಿನ ಉದ್ದ ಸರಾ ತಗದು ಇಡ್ರಿ, ಸೆರಗು ಬಿಗೀರಿ. ಛೊಲೊ ಗಾಡಿ ಚಾಲೂ ಮಾಡಿ ನಾಕೈದು ನಿಮಿಷ ಬಿಡ್ರಿ, ಆಮ್ಯಾಲ ನಿಮ್ಮ ಗಾಡಿ ಸೆಲ್ಫ್ ಹೊಡೀರಿ. ಹಿಡಿದ ಮ್ಯಾಲ ವಾಯರ್ ಹಚ್ಚಿದ್ದಕ್ಕ ಉಲ್ಟಾ ಕ್ರಮದಾಗ ತೆಗೀರಿ. ಗಾಡಿ ಬಂದ್ ಮಾಡಲಾರದ ಸೀದಾ ಗ್ಯಾರೇಜಿಗೆ ಒಯ್ದು ಚಾರ್ಜಿಗೆ ಹಾಕಸ್ರಿ. ಗಾಡಿ ಜೋಡಿ ಬಂದ ಪುಸ್ತಕದಾಗ ಇದರ ಚಿತ್ರಾ ಇರ್ತದ, ನಿಮ್ಮ ಗಾಡಿಗೆ ಅದು ಹೇಳಿದ್ದ ಖರೆ.

ಓಣಿ ಹುಡುಗರು "ದೂಡ್ತೀವ್ರಿ ಮೌಶಿ" ಅಂತ ಬರ್ತಾರ. ಆಟೋಮ್ಯಾಟಿಕ್ ಗಾಡಿ ದೂಡಿದ್ರ ಚಾಲೂ ಆಗಂಗಿಲ್ಲ. ಗೇರಿನ ಗಾಡಿನೂ ಬ್ಯಾಟರಿ ಪೂರ್ತಿ ಸತ್ತಿದ್ರ ಹಿಡಿಯೂದು ಕಷ್ಟ, ಈಗಿನ ಗಾಡಿಗೆ ಪೆಟ್ರೋಲ್ ಪಂಪ್ ನಡೆಸಾಕೂ ಕರೆಂಟ್ ಬೇಕು. ಇಂಜಿನ್ ನಡದಿರಲಾರದ ಸ್ಟಿಯರಿಂಗು, ಬ್ರೇಕು ಎರಡೂ ಬಿರುಸು ಆಗಿರ್ತಾವ. ಇಳಿಜಾರಿನ್ಯಾಗಂತೂ ದೂಡಾಕ ಹೋಗಲೇಬ್ಯಾಡ್ರಿ. ಕರೆಂಟಿನ ಗಾಡಿ ತಗೊಂಡ ಮನಿಯವರು "ನಮಗೇನು, ನಮ್ಮದು ಇಡೀ ಗಾಡೀನ ಬ್ಯಾಟರಿ" ಅಂತ ನಗಬ್ಯಾಡ್ರಿ. ಅದರಾಗೂ ದೀಪಾ, ಬಾಗಲಾ, ಕಂಪ್ಯೂಟರ್ ಎಬ್ಬಿಸಾಕ 12 ವೋಲ್ಟಿನ ಒಂದು ಸಣ್ಣ ಬ್ಯಾಟರಿ ಬ್ಯಾರೆ ಇರ್ತದ. ಅದು ಕುಂತ್ರ ದೊಡ್ಡದು ತುಂಬಿದ್ರೂ ಗಾಡಿ ಏಳೂದಿಲ್ಲ.

ಇನ್ನ ನನ್ನ ಮಾತಿಗೆ ಎದುರು ಮಾತು ಅವ. ಅವನ್ನೂ ನೋಡೋಣ.

"ದಿನಾ ಐದು ನಿಮಿಷ ನಿಂತಲ್ಲೇ ಚಾಲೂ ಇಟ್ರ ಸಾಕಲ್ಲ?" ಅಂತಾರ. ತಿಂಗಳಿಡೀ ಇಳಿದದ್ದು ಐದು ನಿಮಿಷದಾಗ ತುಂಬೂದಿಲ್ಲ. ಇಂಜಿನ್ ಸರಿಯಾಗಿ ಕಾಯೂದೂ ಇಲ್ಲ, ಒಳಗ ಪಸಿ ಹಂಗ ಉಳೀತದ, ಪೆಟ್ರೋಲ್ ದಂಡ. ಎಲ್ಲಕ್ಕಿಂತ ಮುಖ್ಯ, ಬಾಗಲಾ ಮುಚ್ಚಿದ ಗ್ಯಾರೇಜಿನ್ಯಾಗ ಎಂದೂ ಗಾಡಿ ಚಾಲೂ ಇಡಬ್ಯಾಡ್ರಿ. ಅದರ ಹೊಗ್ಯಾಗಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣಿಲ್ಲ, ವಾಸನಿ ಇಲ್ಲ, ಜೀವಾ ತಗೋತದ.

"ಊರಿಗೆ ಹೋಗೂ ಮುಂದ ವಾಯರ್ ಬಿಚ್ಚಿಟ್ರಾತು" ಅಂತಾರ. ಇದು ಖರೆ ಮಾತು. ತಿಂಗಳುಗಟ್ಟಲೆ ಮಗನ ಮನಿಗೆ, ಅಮೆರಿಕಾಕ್ಕ ಹೋಗೋರು ಕರಿ ವಾಯರ್ ಮೆಕ್ಯಾನಿಕ್ ಕಡೆಯಿಂದ ಬಿಚ್ಚಿಸಿ ಹೋಗೂದು ಛೊಲೊ. ಬಂದ ಮ್ಯಾಲ ಗಡಿಯಾರ, ರೇಡಿಯೋ ಮತ್ತ ಹೊಂದಿಸಿಕೊಳ್ಳಬೇಕಾಗ್ತದ, ಅಷ್ಟ. ಆದ್ರ ಮಂದಿ ವಾಸ ಇರೋ ಮನ್ಯಾಗ, ರಾತ್ರಿ ಬೇಕಾಗೂ ಗಾಡಿ ವಾಯರ್ ಬಿಚ್ಚಿಟ್ಟು ಏನು ಮಾಡೂದು?

ಮೂರನೇ ಮಾತು ನಮ್ಮ ಮನಿಯವರದು, ಅದರಾಗ ಲೆಕ್ಕಾ ಅದ. "ವಾರಕ್ಕ ಒಮ್ಮೆ ಸುಮ್ಮನ 30 ಕಿಲೋಮೀಟರ್ ತಿರುಗಿದ್ರ ಎರಡು ಲೀಟರ್ ಪೆಟ್ರೋಲ್, ಎರಡು ನೂರು ರೂಪಾಯಿ ಮ್ಯಾಲ ಆತು. ವರ್ಷಕ್ಕ ಹತ್ತು ಸಾವಿರ ದಾಟತದ. ಅದರಾಗ ಎರಡು ಬ್ಯಾಟರಿ ಬರ್ತಾವ" ಅಂದ್ರು. ಲೆಕ್ಕಾ ಬರೋಬ್ಬರಿ ಅದ. ಅದಕ್ಕ ನಾ ಅಂದೆ, ಬ್ಯಾಟರಿ ಸಲುವಾಗಿ ಗಾಡಿ ಹೊಡಿಯೂದು ಬ್ಯಾಡ, ಮನಿ ಕೆಲಸದ ಸಲುವಾಗಿ ಹೊಡಿಯೋಣ. ಅತ್ತಿಯವರ ತಿಂಗಳ ತಪಾಸಣಿ, ಸೂಪರ್ ಮಾರ್ಕೆಟ್ಟಿನ ಸಂತಿ, ಗಿರಣಿ, ಹುಬ್ಬಳ್ಯಾಗಿನ ಅಕ್ಕನ ಮನಿ, ಇವಕ್ಕೆಲ್ಲಾ ನಾವು ಆಟೋಕ್ಕ ಕೊಡೂ ರೊಕ್ಕಾ ಯಾರೂ ಬರೆದಿಟ್ಟಿಲ್ಲ. ನಾ ಒಂದು ತಿಂಗಳು ಬರೆದಿಟ್ಟು ತೋರಿಸಿದೆ. ಪೆಟ್ರೋಲಿಗಿಂತ ಅದೇ ಹೆಚ್ಚಿತ್ತು. ಗಾಡಿ ಕೆಲಸಕ್ಕ ಹೋದ್ರ ಬ್ಯಾಟರಿ ಪುಕ್ಕಟೆ ತುಂಬತದ. ಧಾರವಾಡದಿಂದ ಉಣಕಲ್ ಕೆರಿ ತನಕಾ ಹೋಗಿ ಬಂದ್ರ ಅರ್ಧ ತಾಸಿಗಿಂತ ಹೆಚ್ಚು ಓಡಿದಂಗ ಆತು, ವಾರಕ್ಕ ಅಷ್ಟು ಸಾಕು. ಓಣಿ ತುದಿ ಗುಡಿಗೆ ಹೋಗಿ ಬಂದ್ರ ಸಾಲೂದಿಲ್ಲ, ಅದರಾಗ ಕೊಟ್ಟದ್ದು ತಿರುಗಿ ಬರೂದಕ್ಕ ಹೊತ್ತ ಸಿಗೂದಿಲ್ಲ. ಖರೇನ ಎಲ್ಲೂ ಹೋಗೂದಿಲ್ಲ ಅನ್ನೋರಿಗೆ ಬ್ಯಾಟರಿ ತುಂಬಿಟ್ಟುಕೊಳ್ಳೂ ಸಣ್ಣ ಚಾರ್ಜರ್ ಸಿಗ್ತದ, ಅದೂ ಒಂದು ದಾರಿ.

ನಾಲ್ಕನೇ ಮಾತನ್ನ ಯಾರೂ ಬಾಯಿಬಿಟ್ಟು ಹೇಳೂದಿಲ್ಲ: "ಹೆಂಗಸರು ಹೊಡೆದ್ರ ಗಾಡಿ ಹಾಳಾಗ್ತದ." ಗಾಡಿಗೆ ಗೆರಿ ಬಿದ್ರ ಬಣ್ಣ ಹಚ್ಚಿಸಬಹುದು. ರಾತ್ರಿ ಎರಡೂವರೆಗೆ ನಿಂತ ಗಾಡಿಗೆ ಯಾವ ಬಣ್ಣ ಹಚ್ಚೂದು? ಹತ್ತಾರು ಸಾವಿರದ ಸೀರಿ ನಮ್ಮ ಕೈಯಾಗ ಕೊಟ್ಟು ಜ್ವಾಕಿ ಮಾಡು ಅಂತಾರ, ಮನಿ ಬಂಗಾರ ಎಲ್ಲೆದ ಅಂತ ನಮಗ ಗೊತ್ತು, ಕೂಸು ನಮ್ಮ ತೊಡಿ ಮ್ಯಾಲ ಬೆಳೀತದ. ಇಷ್ಟೆಲ್ಲಾ ನಂಬಿದ ಮ್ಯಾಲ ತಗಡಿನ ಗಾಡಿ ಮಾತ್ರ ನಂಬಾಕ ಆಗೂದಿಲ್ಲಂದ್ರ ಹ್ಯಾಂಗ? ಇದನ್ನ ನಾ ಸಿಟ್ಟಿಲೆ ಕೇಳವಲ್ಲೆ, ಲೆಕ್ಕಾ ಹಚ್ಚಿ ಕೇಳ್ತೀನಿ.

ಗಾಡಿ ಹೊಡ್ಯಾಕ ಬರಲಾರದ ಅಕ್ಕಾರ ಭಾಳ ಮಂದಿ ಇದ್ದೀರಿ. ಮಕ್ಕಳು ಬೆಂಗಳೂರಿನ್ಯಾಗ, ಪರದೇಶದಾಗ, ಅವರು ಬಂದಾಗ ಇರ್ಲಿ ಅಂತ ಗಾಡಿ ಮನ್ಯಾಗ. ನಿಮಗೂ ಈ ಮಾತು ಸಲ್ಲತದ. ಚಾವಿ ಕೈಯಾಗ ಅಂದ್ರ ಸ್ಟಿಯರಿಂಗ್ ಕೈಯಾಗ ಅಂತಷ್ಟ ಅಲ್ಲ, ಅದರ ಜವಾಬ್ದಾರಿ ಗೊತ್ತಿರೂದು. ಓಣ್ಯಾಗ ನಂಬಿಗಸ್ತ ಹುಡುಗನೋ ಹುಡುಗಿನೋ ಲೈಸೆನ್ಸ್ ಇದ್ದೋರು ಯಾರು, ವಾರಕ್ಕೊಮ್ಮೆ ನಿಮ್ಮನ್ನ ಕೂಡಿಸಿಕೊಂಡು ಹೋಗಿ ಬರೋರು ಯಾರು ಅಂತ ನೋಡಿ ಇಡ್ರಿ. ಗಾಡಿ ಇಮಾ ಅವಧಿ ಮುಗಿದಿಲ್ಲೇನು ನೋಡ್ರಿ. ಫ್ರಿಜ್ಜಿನ ಮ್ಯಾಲ ಒಂದು ಕಾಗದ ಹಚ್ಚಿ ಅದರಾಗ ಐದು ಸಾಲು ಬರೀರಿ: 108, ರೋಡಿನ ಮ್ಯಾಲೆ ಬಂದು ಸಹಾಯ ಮಾಡೂ ಗಾಡಿ ಕಂಪನಿ ಫೋನ್ ನಂಬರ್, ಹತ್ರದ ಮೆಕ್ಯಾನಿಕ್ಕಿನದು, ಜಂಪರ್ ಕೇಬಲ್ ಇದ್ದ ಮನಿದು, ಕಡೀಕೆ ಗಾಡಿ ಕಡೀ ಸಲಾ ಓಡಿದ ತಾರೀಖು. ಆ ತಾರೀಖು ಹತ್ತು ದಿನ ಹಳೇದಾತಂದ್ರ ಗಾಡಿ ಹೊರಗ ತೆಗೀರಿ.

ಹಬ್ಬದಾಗೂ ಸ್ವಲ್ಪ ಲಕ್ಷ್ಯ ಇರ್ಲಿ. ಖಂಡೇ ಪೂಜಿ ದಿನ ಗಾಡಿ ತೊಳದು, ನಾಕೂ ಬಾಗಲಾ ತೆರೆದು, ಹಾಡು ಹಚ್ಚಿ, ಚೆಂಡು ಹೂವಿನ ಮಾಲಿ ಕಟ್ಟೂದ್ರಾಗ ಎರಡು ತಾಸು ಹೋಗ್ತಾವ. ಇಂಜಿನ್ ಬಂದ್, ಒಳಗಿನ ದೀಪಾ, ಹಾಡು ಎರಡೂ ಚಾಲೂ. ಬ್ಯಾಟರಿ ಮೊದಲೇ ಅರ್ಧ ಖಾಲಿ ಇದ್ರ ಲಿಂಬಿಹಣ್ಣು ದಾಟೂದ್ರೊಳಗ ಕೂಡ್ತದ. ಹಾಡು ನಮ್ಮ ಬಾಯಾಗ ಬರ್ತಾವಲ್ಲ, ಅವನ್ನೇ ಹಾಡೋಣ. ಡ್ಯಾಶ್‌ಕ್ಯಾಮೆರಾ, ಹೊರಗಿಂದ ಕೂಡಿಸಿದ ಟ್ರ್ಯಾಕರ್, ಇಂಥಾವು ಇದ್ರ ಸೋರಿಕಿ ಇನ್ನೂ ಹೆಚ್ಚು. ಅವನ್ನ ಹಚ್ಚಿಕೊಟ್ಟಾವಗ ಗಾಡಿ ಬಂದ್ ಆದಾಗ ಅವೂ ಬಂದ್ ಆಗ್ತಾವೇನು ಅಂತ ಕೇಳ್ರಿ.

ಬ್ಯಾಟರಿ ಖರೇನ ಆಯುಷ್ಯ ಮುಗಿಸಿದ ದಿನ ಅದನ್ನ ಹಿತ್ತಲದಾಗ ಒಗೀಬ್ಯಾಡ್ರಿ, ಬಾಗಲಿಗೆ ಬರೂ ಹಳೇ ಸಾಮಾನಿನವಗೂ ಕೊಡಬ್ಯಾಡ್ರಿ. ಒಳಗಿನ ಸೀಸ ಸಣ್ಣ ಮಕ್ಕಳ ಮಿದುಳಿಗೆ ವಿಷ, ಆಮ್ಲ ನೆಲಕ್ಕ ವಿಷ. ಹೊಸಾದು ಕೊಡೂ ಅಂಗಡಿಯವರು ಹಳೇದು ತಗೊಂಡು ಬೆಲ್ಯಾಗ ಮುರಕೊಳ್ತಾರ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ತಿರುಗಿ ತಗೊಳ್ಳೂ ಜವಾಬ್ದಾರಿ ತಯಾರು ಮಾಡೋರ ಮ್ಯಾಲ ಅದ. ಪಾವತಿ ಇಸ್ಕೊಳ್ಳೂದು ಮರೀಬ್ಯಾಡ್ರಿ.

ಹೊಸಾದಂದ್ರ ಜ್ವಾಕಿ ಮಾಡಿ ಇಡೂದು ಅನ್ನೂ ರೂಢಿ ನಮ್ಮ ಮನಿಗಳಾಗ ಭಾಳ ಆಳ ಅದ. ಬೆಳ್ಳಿ ತಾಟು ಪಾಹುಣ್ಯಾರಿಗೆ, ಛೊಲೊ ಚಾದರಾ ಮಗ ಬಂದಾಗ, ಹೊಸಾ ಗಾಡಿ ಲಗ್ನಕ್ಕ. ತಾಟು, ಚಾದರಾ ತಡೀತಾವ. ಬ್ಯಾಟರಿ ತಡಿಯೂದಿಲ್ಲ. ಅದರ ಗುಣಾನ ಹಂಗ, ಖರ್ಚು ಮಾಡಿದ್ರ ಉಳೀತದ, ಕಾಯ್ದಿಟ್ರ ಹೋಗ್ತದ.

ಈಗ ನಮ್ಮ ಮನ್ಯಾಗ ಚಾವಿ ಅಡಗಿ ಮನಿ ಬಾಗಲದ ಬಾಜೂ ಮೊಳಿಗೆ ಇರ್ತದ. ಶುಕ್ರವಾರ ನಾ, ರವಿವಾರ ಇವರು. ನಿಮ್ಮ ಮನ್ಯಾಗ ಇವತ್ತು ಸಂಜಿಕೆ ಚಹಾ ಕುಡಿಯೂ ಮುಂದ ಎರಡು ಪ್ರಶ್ನಿ ಕೇಳ್ರಿ: "ಗಾಡಿ ಕಡೀ ಸಲಾ ಎಂದು ಓಡೇದ? ಚಾವಿ ಎಲ್ಲೆದ?" ಮೊದಲನೇದಕ್ಕ ಉತ್ತರ ಬರೂದು ತಡಾ ಆದ್ರ, ಎರಡನೇದಕ್ಕ ಕೈ ಮುಂದ ಮಾಡ್ರಿ.